ಹೆಮ್ಮಾಡಿಯಿಂದ ಮಣಿಪಾಲಕ್ಕೆ ವಾರಕ್ಕೆ ಮೂರು ಸಲ: ಈಗ ಎಷ್ಟು ಹೊತ್ತು ಬೇಕು?

ಹೆಮ್ಮಾಡಿ ಮಗಳು (ನವೆಂಬರ್ 2024)

ನಾನಿರುವುದು ಬೆಂಗಳೂರಲ್ಲಿ, ಮನೆ ಹೆಮ್ಮಾಡಿ. ಅಪ್ಪಯ್ಯನಿಗೆ ಡಯಾಲಿಸಿಸ್ ಶುರು ಮಾಡಲೇಬೇಕು ಅಂತ ಆಗಿದೆ. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಕುಂದಾಪುರದಲ್ಲೇ ಆಗಿದ್ದರೆ ಸುಲಭ ಇತ್ತು. ಹೃದಯದ ತೊಂದರೆಯೂ ಇರುವ ಕಾರಣ ಸದ್ಯಕ್ಕೆ ಮಣಿಪಾಲದಲ್ಲೇ ಮಾಡಿಸಿ ಅಂದಿದ್ದಾರೆ ಡಾಕ್ಟರ್.

ಬೆಳಗ್ಗೆ 7ರ ಸರದಿ ಬೇಕಾ, ಮಧ್ಯಾಹ್ನ 12ರದ್ದು ಬೇಕಾ ಅಂತ ಈ ವಾರದೊಳಗೆ ಹೇಳಬೇಕು. ಅಪ್ಪಯ್ಯನಿಗೆ ಮಧ್ಯಾಹ್ನದ್ದೇ ಇಷ್ಟ. "ದನಕ್ಕೆ ಹುಲ್ಲು ಹಾಕಿ, ಗಂಜಿ ಉಂಡು ಆರಾಮದಲ್ಲಿ ಹೊರಡುವ" ಅನ್ನುತ್ತಾರೆ. ಅಮ್ಮ ಮಾತ್ರ ಮಣಿಪಾಲದಲ್ಲೇ ಒಂದು ರೂಮು ಮಾಡಿ ಅನ್ನುತ್ತಿದ್ದಾಳೆ. ಅವಳ ಹೆದರಿಕೆಗೆ ಕಾರಣ ಉಂಟು. 2018ರಲ್ಲಿ ಅಜ್ಜಿಯನ್ನು ಕರೆದುಕೊಂಡು ಹೋಗುವಾಗ ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲೇ ಇಪ್ಪತ್ತೈದು ನಿಮಿಷ ಸಿಕ್ಕಿಬಿದ್ದಿದ್ದೆವು. ಫ್ಲೈಓವರಿನ ಆ ಅರ್ಧ ಕಟ್ಟಿದ ಕಂಬಗಳು ಅಮ್ಮನ ಕಣ್ಣಿಗೆ ಕಟ್ಟಿದ ಹಾಗೇ ಇವೆ.

ಕಾರು ಓಡಿಸುವುದು ತಮ್ಮ. ಇದೇ ದಾರಿಯಲ್ಲಿ ದಿನಾ ಓಡಾಡುವವರು ಹೇಳಿ: ಫ್ಲೈಓವರ್ ಆದ ಮೇಲೆ ನಿಜವಾಗಿ ಎಷ್ಟು ಹೊತ್ತು ಉಳಿದಿದೆ? ಸುಮಾರು 45 ಕಿಲೋಮೀಟರಿಗೆ ಎಷ್ಟು ಇಟ್ಟುಕೊಂಡು ಹೊರಡಬೇಕು? ಮ್ಯಾಪ್ ಒಂದು ಗಂಟೆ ಅನ್ನುತ್ತದೆ, ನನಗೆ ನಂಬಿಕೆ ಬರುತ್ತಿಲ್ಲ.

ಉಪ್ಪೂರಿನವ

ಕುಂದಾಪುರ ಮರೆತುಬಿಡಿ ಅಕ್ಕ, ಅಲ್ಲಿ ಈಗ ಏನೂ ಇಲ್ಲ. ಉಡುಪಿ ಹತ್ತಿರದ ಸಂತೆಕಟ್ಟೆ ಕೇಳಿ. ಅಂಡರ್‌ಪಾಸ್ ಅಂತ ಅಗೆಯಲು ಶುರು ಮಾಡಿದ್ದು 2023ರಲ್ಲಿ. ಎರಡು ಮಳೆಗಾಲ ಆ ಹೊಂಡ ನೋಡಿಕೊಂಡೇ ಕಳೆದೆವು. ಅಲ್ಲಿಂದ ಮನೆಗೆ ನಡೆದುಕೊಂಡೇ ಬೇಗ ಮುಟ್ಟಬಹುದು ಅಂತ ಅನಿಸಿದ ದಿನಗಳೂ ಇವೆ.

ಕುಡ್ಲ ಸ್ಕೂಟರ್

ನಮ್ಮ ಮಂಗಳೂರಿನ ಪಂಪ್‌ವೆಲ್ ಫ್ಲೈಓವರಿನ ಕಥೆ ನೆನಪಾಯಿತು. ಹತ್ತು ವರ್ಷ ಕಾಯಿಸಿ 2020ರ ಜನವರಿ 31ಕ್ಕೆ ಬಿಟ್ಟುಕೊಟ್ಟರು. ಅಷ್ಟು ಹೊತ್ತಿಗೆ ಅದರ ಮೇಲಿನ ಜೋಕುಗಳೇ ಒಂದು ಪುಸ್ತಕ ಆಗುವಷ್ಟಿದ್ದವು. ತೊಕ್ಕೊಟ್ಟಿನಿಂದ ಬರುವವನಿಗೆ ಪಂಪ್‌ವೆಲ್‌ನಲ್ಲಿ ಉಳಿದ ಹತ್ತು ನಿಮಿಷವನ್ನು ಅದರ ಮುಂದಿನ ನಂತೂರು ಜಂಕ್ಷನ್ ತೆಗೆದುಕೊಂಡಿತು. ನಿಮಗೆ ನೇರ ಸಂಬಂಧ ಇಲ್ಲ, ಆದರೂ ಒಂದು ಜಂಕ್ಷನ್ ಸರಿಯಾಯಿತು ಅಂದರೆ ಮುಂದಿನ ಜಂಕ್ಷನ್ ಯಾವುದು ಅಂತ ಮೊದಲು ನೋಡಿ.

ಹಳೆ ಕಂಡಕ್ಟರ್

ಹ್ವಾಯ್ ಅಕ್ಕ, ನಾನು ಹೇಳ್ತೆ ಕಾಣಿ. ಕುಂದಾಪುರ–ಮಂಗಳೂರು ಎಕ್ಸ್‌ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷ ಸೀಟಿ ಊದಿದವ ನಾನು. ಈಗ ಮಂಡಿ ನೋವು, ಬಿಟ್ಟಿದ್ದೇನೆ. ನಮ್ಮ ಲೈನಿನಲ್ಲಿ ಗಂಟೆ ಲೆಕ್ಕ ಇಲ್ಲ, ನಿಮಿಷದ ಲೆಕ್ಕ. ಎರಡು ನಿಮಿಷ ತಡ ಆದರೆ ಹಿಂದಿನ ಬಸ್ಸಿನವ ಮುಂದಿನ ಸ್ಟಾಪಿನಲ್ಲಿ ಜಗಳಕ್ಕೆ ನಿಂತಿರುತ್ತಾನೆ. ಹತ್ತು ನಿಮಿಷ ಆದರೆ ಟ್ರಿಪ್ ಕಟ್, ಆ ದಿನದ ಕಲೆಕ್ಷನ್ ಕಥೆ ಮುಗಿಯಿತು. ಹಾಗಾಗಿ ಎಲ್ಲಿ ಎಷ್ಟು ಹೊತ್ತು ಹೋಗುತ್ತದೆ ಅಂತ ನನಗೆ ನಿದ್ದೆಯಲ್ಲೂ ಗೊತ್ತು.

ಮೊದಲು ಅಮ್ಮನಿಗೆ ಹೇಳಿ, ಆ ಕಂಬಗಳ ಕಾಲ ಮುಗಿಯಿತು. 2010ರಲ್ಲಿ ಸುರತ್ಕಲ್‌ನಿಂದ ಕುಂದಾಪುರದವರೆಗೆ ಅಗಲ ಮಾಡುವ ಕೆಲಸ ಹಿಡಿದರು, ಶಾಸ್ತ್ರಿ ಸರ್ಕಲ್ ಮೇಲೆ ಗಾಡಿ ಓಡಿದ್ದು 2021ರಲ್ಲಿ. ನನ್ನ ಮಗ ಒಂದನೇ ಕ್ಲಾಸಿಗೆ ಹೋಗುವಾಗ ಶುರುವಾದ ಕೆಲಸ, ಅವನು ಪಿಯುಸಿ ಮುಟ್ಟುವಾಗ ಮುಗಿಯಿತು.

ಒಂದು ತಮಾಷೆ ಕೇಳಿ. ಆ ಫ್ಲೈಓವರ್ ಮೇಲೆ ನಮ್ಮ ಬಸ್ಸು ಒಂದು ದಿನವೂ ಹೋಗಲಿಲ್ಲ. ಹೋಗುವುದು ಹೇಗೆ? ಜನ ಕೆಳಗೆ ನಿಂತಿರುತ್ತಾರೆ. ಬಸ್‌ಸ್ಟ್ಯಾಂಡಿನಿಂದ ಶಾಸ್ತ್ರಿ ಸರ್ಕಲ್, ಅಲ್ಲಿಂದ ಸರ್ವಿಸ್ ರಸ್ತೆ, ಬಸ್ರೂರು ಮೂರ್ಕೈ, ವಿನಾಯಕ ಟಾಕೀಸ್, ಎಲ್ಲ ಕೆಳಗಿನಿಂದಲೇ. ಆದರೂ ನಮಗೆ ಏಳೆಂಟು ನಿಮಿಷ ಉಳಿಯಿತು. ಗೋವಾ ಕಡೆಯ ಟ್ಯಾಂಕರು, ಕೇರಳದ ಲಾರಿ, ಮಲ್ಪೆಯ ಮೀನಿನ ಗಾಡಿ, ಕುಂದಾಪುರದಲ್ಲಿ ಕೆಲಸವೇ ಇಲ್ಲದವೆಲ್ಲ ಮೇಲೆ ಹತ್ತಿ ಹೋದವು. ಕೆಳಗೆ ಉಳಿದದ್ದು ಊರಿನವರು ಮಾತ್ರ. ಮೇಲೆ ಹೋಗದೆ ಫ್ಲೈಓವರಿನ ಲಾಭ ತಿಂದವರು ನಾವು!

ಊರಿನವರಿಗೆ ಪೂರ್ತಿ ಸುಖ ಆಯಿತು ಅಂತ ಹೇಳುವುದಿಲ್ಲ. ಮೊದಲು ರಸ್ತೆ ದಾಟಿದರೆ ಆಚೆ ಬದಿಯ ಅಂಗಡಿ. ಈಗ ಮಣ್ಣು ಹಾಕಿ ಎತ್ತರಿಸಿದ ಭಾಗದಲ್ಲಿ ಗೋಡೆ ಬಂದಿದೆ, ಮೂರ್ಕೈವರೆಗೆ ಹೋಗಿ ಸುತ್ತಿ ಬರಬೇಕು. ಅಷ್ಟು ಸುತ್ತುವ ತಾಳ್ಮೆ ಯಾರಿಗೂ ಇಲ್ಲ, ಬೈಕಿನವರು ಸರ್ವಿಸ್ ರಸ್ತೆಯಲ್ಲಿ ಎದುರಿನಿಂದಲೇ ಬರುತ್ತಾರೆ. ತಮ್ಮನಿಗೆ ಇದೊಂದು ಹೇಳಿಡಿ: ಕುಂದಾಪುರದಲ್ಲಿ ಔಷಧಿಗೋ ಮತ್ತೊಂದಕ್ಕೋ ಇಳಿಯುವುದಿದ್ದರೆ ಫ್ಲೈಓವರ್ ಹತ್ತುವ ಮೊದಲೇ ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿಯಬೇಕು. ಒಮ್ಮೆ ಮೇಲೆ ಹತ್ತಿದರೆ ಊರು ಕೆಳಗೆ ಕಾಣುತ್ತದೆ, ಇಳಿಯಲು ದಾರಿ ಇಲ್ಲ.

ಈಗ ನಿಮ್ಮ ಲೆಕ್ಕ. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟರೆ ಕೋಟೇಶ್ವರ, ತೆಕ್ಕಟ್ಟೆ, ಕೋಟ ಎಲ್ಲ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಗುತ್ತವೆ. ಸಾಸ್ತಾನದ ಟೋಲಿನಲ್ಲಿ ಫಾಸ್ಟ್ಯಾಗಿನಲ್ಲಿ ದುಡ್ಡು ಇಟ್ಟುಕೊಳ್ಳಿ, ಅಲ್ಲಿ ವಾದಕ್ಕೆ ನಿಂತರೆ ಬೆಳಗಿನ ಲಾಭ ಅಲ್ಲಿಯೇ ಹೋಯಿತು. ಮಾಬುಕಳ ಸೇತುವೆ, ಬ್ರಹ್ಮಾವರ ದಾಟಿ ಸಂತೆಕಟ್ಟೆಗೆ ಆರೂಕಾಲರ ಒಳಗೆ ಮುಟ್ಟಬೇಕು. ಆ ಹೊತ್ತಿನಲ್ಲಿ ಅಲ್ಲಿ ಐದೇ ನಿಮಿಷ. ಎಂಟು ಗಂಟೆ ಮೇಲೆ ಶಾಲೆ ಬಸ್ಸು, ಆಫೀಸಿನವರು, ಕೆಮ್ಮಣ್ಣು–ನೇಜಾರು ಕಡೆಯವರು ಎಲ್ಲ ಒಟ್ಟಾಗುತ್ತಾರೆ. ಆಗ ಉಪ್ಪೂರಿನವರು ಹೇಳಿದ್ದು ಸುಳ್ಳಲ್ಲ.

ಮಧ್ಯಾಹ್ನ 12ರ ಸರದಿ ಬೇಡ ಅನ್ನುವುದಕ್ಕೆ ನನ್ನ ಕಾರಣ ಹೋಗುವ ದಾರಿಯಲ್ಲ, ಬರುವ ದಾರಿ. ನಾಲ್ಕು ಗಂಟೆ ಡಯಾಲಿಸಿಸ್, ಆಮೇಲೆ ಸುಧಾರಿಸಿಕೊಳ್ಳುವುದು ಅಂತ ಐದಕ್ಕೆ ಹೊರಟರೆ ಉಡುಪಿಯ ಸಂಜೆಯ ಗಲಾಟೆಗೆ ಸರಿಯಾಗಿ ಬೀಳುತ್ತೀರಿ. ನನ್ನ ಮಾವನಿಗೂ ಎರಡು ವರ್ಷ ಇದೇ ಆಗಿತ್ತು. ಮುಗಿಸಿ ಬರುವಾಗ ಅವರಿಗೆ ಸುಸ್ತು, ವಾಂತಿ, ಕಾಲು ಎಳೆಯುವುದು. ಹೋಗುವಾಗ ಅರ್ಧ ಗಂಟೆ ನಿಂತರೂ ತಡೆಯುತ್ತಾರೆ, ಬರುವಾಗ ನಿಂತಲ್ಲೇ ನಿಂತರೆ ಆಗುವುದಿಲ್ಲ. ಬೆಳಗ್ಗಿನದಾದರೆ ಹನ್ನೆರಡರ ಸುಮಾರಿಗೆ ಹೊರಟು ಒಂದೂಕಾಲಕ್ಕೆ ಮನೆಯಲ್ಲಿ ಮಲಗಬಹುದು.

ಇನ್ನೊಂದು. ಉಡುಪಿಯ ಕರಾವಳಿ ಜಂಕ್ಷನ್‌ವರೆಗೆ ಹೋಗಿ ಕಲ್ಸಂಕ, ಇಂದ್ರಾಳಿ ಮೇಲೆ ಮಣಿಪಾಲ ಹತ್ತುವ ಯೋಚನೆ ಬೇಡ. ಇಂದ್ರಾಳಿಯ ರೈಲ್ವೆ ಸೇತುವೆಯದ್ದು ಬೇರೆಯೇ ರಾಮಾಯಣ. ಸಂತೆಕಟ್ಟೆ ದಾಟಿದ ಮೇಲೆ ಅಂಬಾಗಿಲಿನಲ್ಲಿ ಎಡಕ್ಕೆ ತಿರುಗಿ, ಪೆರಂಪಳ್ಳಿ ಮೇಲೆ ಹೋದರೆ ಪೇಟೆಯೇ ಸಿಗುವುದಿಲ್ಲ, ನೇರ ಮಣಿಪಾಲ.

ಶನಿವಾರ ಕುಂದಾಪುರ ಸಂತೆ, ಆದರೆ ನೀವು ಮೇಲಿನಿಂದ ಹೋಗುವವರು, ತೊಂದರೆ ಇಲ್ಲ. ಮುಂದಿನ ತಿಂಗಳು ಕೋಟೇಶ್ವರದ ಕೊಡಿಹಬ್ಬ, ಅಲ್ಲಿನ ದೇವಸ್ಥಾನದ ತೇರು ಉಂಟಲ್ಲ, ಆ ದಿನ ಮಾತ್ರ ಕಾಲು ಗಂಟೆ ಮೊದಲು ಬಿಡಿ. ಹೊಸ ಮದುವೆಯಾದವರೆಲ್ಲ ಕಬ್ಬು ಹಿಡಿದುಕೊಂಡು ಅಲ್ಲೇ ಇರುತ್ತಾರೆ.

ರೂಮು ಮಾಡುವುದು ಬೇಡ ಅಂತ ನನ್ನ ಅಭಿಪ್ರಾಯ. ಅಪ್ಪಯ್ಯನಿಗೆ ಅವರ ದನ ಇರಲಿ.

ಉಪ್ಪೂರಿನವ

ಕಂಡಕ್ಟ್ರೇ, ಪೆರಂಪಳ್ಳಿ ದಾರಿ ಗುಟ್ಟಾಗಿ ಇಟ್ಟಿದ್ದೆವು, ಎಲ್ಲರಿಗೂ ಹೇಳಿಬಿಟ್ಟಿರಲ್ಲ ಮಾರಾಯ್ರೆ. ಅಕ್ಕ, ಒಂದು ಸೇರಿಸುತ್ತೇನೆ: ಮಳೆ ಬಂದ ದಿನ ಸಂತೆಕಟ್ಟೆ ಸರ್ವಿಸ್ ರಸ್ತೆಯಲ್ಲಿ ಎಡಕ್ಕೆ ತೀರ ಒತ್ತಬೇಡಿ, ಹೊಂಡ ನೀರಿನ ಅಡಿ ಇರುತ್ತದೆ. ಹಿಂದೆ ಕೂತವರಿಗೆ ಅದು ಚೆನ್ನಾಗಿ ತಾಗುತ್ತದೆ.

ಹೆಮ್ಮಾಡಿ ಮಗಳು

7ರದ್ದೇ ಹೇಳಿದೆವು. ಅಪ್ಪಯ್ಯನ ಗೊಣಗಾಟ ಮೂರು ದಿನ ನಡೆಯಿತು. ದನಕ್ಕೆ ಹುಲ್ಲು ಹಾಕಲು ಪಕ್ಕದ ಮನೆಯ ಅಣ್ಣ ಒಪ್ಪಿದ ಮೇಲೆ ನಿಂತಿತು.

ಮೊದಲ ದಿನದ ಲೆಕ್ಕ, ತಮ್ಮ ಬರೆದುಕೊಂಡದ್ದು: ಮನೆ ಬಿಟ್ಟದ್ದು 5:35. ಫ್ಲೈಓವರ್ ಮೇಲೆ 5:46. ಬ್ರಹ್ಮಾವರ 6:14. ಸಂತೆಕಟ್ಟೆಯಲ್ಲಿ ಆರು ನಿಮಿಷ. ಅಂಬಾಗಿಲು, ಪೆರಂಪಳ್ಳಿ, ಆಸ್ಪತ್ರೆ ಬಾಗಿಲು 6:43. ಬರುವಾಗ ಸಂತೆಕಟ್ಟೆಯಲ್ಲಿ ಹದಿನಾಲ್ಕು ನಿಮಿಷ. ಅಪ್ಪಯ್ಯ ಅಷ್ಟೂ ಹೊತ್ತು ನಿದ್ದೆ, ಗೊತ್ತೇ ಆಗಲಿಲ್ಲವಂತೆ.

ಅಮ್ಮನೂ ಜೊತೆಗೆ ಹೋಗಿದ್ದಳು. ಶಾಸ್ತ್ರಿ ಸರ್ಕಲ್ ಬಂದರೆ ಹೇಳು ಅಂತ ತಮ್ಮನ ಹತ್ತಿರ ಕೇಳುತ್ತಲೇ ಇದ್ದಳಂತೆ. ಅವನು ಹೇಳುವಷ್ಟರಲ್ಲಿ ಗಾಡಿ ಕೋಟೇಶ್ವರದಲ್ಲಿತ್ತು.

ಕಂಡಕ್ಟ್ರೇ, ಡಾಕ್ಟರು ಕೇಳಿದ್ದಕ್ಕೆಲ್ಲ ಹ್ಞಾಂ ಹ್ಞೂಂ ಅನ್ನುವ ಅಪ್ಪಯ್ಯ ನಿಮ್ಮ ಬಗ್ಗೆ ಮಾತ್ರ ಕೇಳಿದರು: "ಅವ ಯಾವ ಬಸ್ಸಿನಲ್ಲಿ ಇದ್ದದ್ದು?"

ಹಳೆ ಕಂಡಕ್ಟರ್

ಬೆಳಿಗ್ಗೆ 6:50ರ ಬಿಳಿ ಬಸ್ಸು, ಹಿಂದಿನ ಬಾಗಿಲಲ್ಲಿ ನಿಲ್ಲುತ್ತಿದ್ದ ಮೀಸೆಯವ ಅಂತ ಹೇಳಿ. ಹೆಮ್ಮಾಡಿಯಿಂದ ಬಂದು ಹತ್ತುವ ಸೇವಂತಿಗೆ ಬುಟ್ಟಿಯವರಿದ್ದರೆ ಬುಟ್ಟಿಗೆ ಟಿಕೆಟ್ ಹರಿಯುತ್ತಿರಲಿಲ್ಲ ನಾನು. ಅವರಿಗೆ ನೆನಪು ಬರಬಹುದು.