ಸಹಾಯ ಬೇಕು: ಎಫ್‌ಸಿಸಿ (ಭಾರಿ ಎಣ್ಣೆಯನ್ನು ಕ್ಯಾಟಲಿಸ್ಟ್‌ನಿಂದ ಒಡೆಯುವ ರಿಫೈನರಿ ಘಟಕ) ಕನ್ವರ್ಶನ್, ಅಂದರೆ ಹಗುರ ಉತ್ಪನ್ನವಾಗುವ ಫೀಡಿನ ಪಾಲು, ಇಳಿದಿದೆ, ಕಾರಣ ಫೀಡೋ ಕ್ಯಾಟಲಿಸ್ಟೋ?

ನಮಸ್ಕಾರ. ಫೀಡ್ ಆದ ವ್ಯಾಕ್ಯೂಮ್ ಗ್ಯಾಸ್ ಆಯಿಲ್ ಜೊತೆ ರೆಸಿಡ್ಯೂ (ಡಿಸ್ಟಿಲೇಶನ್‌ನಲ್ಲಿ ತಳಕ್ಕೆ ಉಳಿಯುವ ಭಾರಿ ಎಣ್ಣೆ) ಸೇರಿಸಲು ಶುರು ಮಾಡಿದ ಮೇಲೆ ನಮ್ಮ ರೀಜನರೇಟರ್ (ಕ್ಯಾಟಲಿಸ್ಟ್ ಮೇಲೆ ಕೂತ ಇಂಗಾಲ, ಅಂದರೆ ಕೋಕ್, ಸುಡುವ ಪಾತ್ರೆ) ತಾಪ ಏರಿದೆ, ಗ್ಯಾಸೋಲಿನ್ ಇಳಿದಿದೆ. ಡ್ರೈ ಗ್ಯಾಸಿನಲ್ಲಿ ಹೈಡ್ರೋಜನ್ ಜಾಸ್ತಿ ಕಂಡಿತು. ರೆಸಿಡ್ಯೂ ಜೊತೆ ಬರುವ ನಿಕ್ಕಲ್ ಕೆಲಸ ಇರಬೇಕು ಅಂತ ಅದನ್ನು ತಣ್ಣಗಾಗಿಸುವ ಆಂಟಿಮೊನಿ ಹಾಕಿದೆವು. ಹೈಡ್ರೋಜನ್ ಇಳಿಯಿತು, ಕನ್ವರ್ಶನ್ ಮಾತ್ರ ಮೇಲೇಳಲಿಲ್ಲ. ಹೊಸ ಕ್ಯಾಟಲಿಸ್ಟ್ ಜಾಸ್ತಿ ಹಾಕಿದರೂ ಅಷ್ಟಕ್ಕಷ್ಟೆ.

ಗೊಂದಲ ಇಲ್ಲಿದೆ. ರೆಸಿಡ್ಯೂನಲ್ಲೇ ಬರುವ ಇನ್ನೊಂದು ಲೋಹ ವೆನೇಡಿಯಂ, ಕ್ಯಾಟಲಿಸ್ಟ್‌ನ ಮುಖ್ಯ ಸಕ್ರಿಯ ಭಾಗವಾದ ಜಿಯೋಲೈಟನ್ನೇ ಹಾಳು ಮಾಡುತ್ತದೆ, ಅದಕ್ಕೆ ಆಂಟಿಮೊನಿ ಮದ್ದಲ್ಲ. ಆದರೆ ಫೀಡಿನ ಕಾನ್ರಾಡ್ಸನ್ ಕಾರ್ಬನ್ (ಎಣ್ಣೆ ಎಷ್ಟು ಕೋಕ್ ಬಿಡುತ್ತದೆ ಎಂಬ ಅಳತೆ) ಹೆಚ್ಚಿದರೂ ಕೋಕ್ ಏರಿ, ರೀಜನರೇಟರ್ ಕಾದು, ಕ್ಯಾಟಲಿಸ್ಟ್ ಸರ್ಕ್ಯುಲೇಶನ್ ತಗ್ಗಿ ಕನ್ವರ್ಶನ್ ಇಳಿಯುತ್ತದೆ ಅಲ್ವಾ? ಮೇಲ್ನೋಟಕ್ಕೆ ಎರಡೂ ಒಂದೇ ಥರ.

ಇ-ಕ್ಯಾಟ್‌ನ (ಘಟಕದಲ್ಲಿ ಸುತ್ತುತ್ತಿರುವ ಬಳಕೆಯ ಕ್ಯಾಟಲಿಸ್ಟ್) ಸರ್ಫೇಸ್ ಏರಿಯಾ, ಮ್ಯಾಟ್ ಆಕ್ಟಿವಿಟಿ (ಲ್ಯಾಬಿನಲ್ಲಿ ಅಳೆಯುವ ಅದರ ಒಡೆಯುವ ಶಕ್ತಿ) ನೋಡಿ ಇವೆರಡನ್ನು ಬೇರ್ಪಡಿಸುವುದು ಹೇಗೆ? ಮೊದಲು ರೆಸಿಡ್ಯೂ ತಗ್ಗಿಸಬೇಕಾ, ವೆನೇಡಿಯಂ ಟ್ರ್ಯಾಪ್ (ವೆನೇಡಿಯಂ ಹಿಡಿದಿಡುವ ಪದಾರ್ಥ) ಇರುವ ಕ್ಯಾಟಲಿಸ್ಟ್‌ಗೆ ಹೋಗಬೇಕಾ?