ಈ ಕೆಂಪು ಹಕ್ಕಿ ಜೋಗಿಮಟ್ಟಿಯದಲ್ಲ

(ಗುಂಪು: ದಾವಣಗೆರೆ ಮನೆ ಮಂದಿ)

ದೊಡ್ಡಪ್ಪ: [ಫೋಟೊ] ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಲ್ಲಿ ಕಂಡ ಅಪರೂಪದ ಕೆಂಪು ಹಕ್ಕಿ. ಎಲ್ಲರಿಗೂ ಕಳಿಸಿ.

ಅತ್ತೆ: ಎಷ್ಟು ಚೆನ್ನಾಗಿದೆ! ಕೆಂಪು ಮುನಿಯ ಅಲ್ವಾ?

ನಾನು: ಅಲ್ಲ ಅತ್ತೆ. ಗಂಡು ಮುನಿಯದ ಕೆಂಪು ಮೈಮೇಲೆ ನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕಿ ಇರುತ್ತವೆ. ಇದಕ್ಕೆ ಒಂದೂ ಇಲ್ಲ. ದೊಡ್ಡಪ್ಪ, ಇದು ಜೋಗಿಮಟ್ಟಿಯ ಹಕ್ಕಿ ಅಲ್ಲವೇ ಅಲ್ಲ.

ದೊಡ್ಡಪ್ಪ: ಯಾಕಮ್ಮ? ಚಿತ್ರದುರ್ಗದ ಗೆಳೆಯರೇ ಕಳಿಸಿದ್ದು. ಅವರು ಸುಮ್ನೆ ಹೇಳ್ತಾರಾ?

ಚಿಕ್ಕಪ್ಪ: ಮಿನಿವೆಟ್ ಇರಬಹುದು. ಅದೂ ಕೆಂಪೇ.

ನಾನು: ಗಂಡು ಮಿನಿವೆಟ್‌ನ ತಲೆ ಕಪ್ಪು ಚಿಕ್ಕಪ್ಪ, ಕೊಕ್ಕು ತೆಳು. ಫೋಟೊ ದೊಡ್ಡದು ಮಾಡಿ ಕೊಕ್ಕು ನೋಡಿ. ದಪ್ಪ, ಬುಡದಲ್ಲಿ ಅಗಲ, ಬಣ್ಣ ತಿಳಿ ಹಳದಿ. ನೆತ್ತಿಯಿಂದ ಹೊಟ್ಟೆವರೆಗೂ ಒಂದೇ ಕೆಂಪು. ರೆಕ್ಕೆ, ಬಾಲ ಮಾತ್ರ ಕಂದು. ಇದು ಸ್ಕಾರ್ಲೆಟ್ ಫಿಂಚ್, ಹಿಮಾಲಯದ ಬೆಟ್ಟದ ಕಾಡಿನದು. 1836ರಲ್ಲಿ ಹಾಡ್ಜ್‌ಸನ್ ಅನ್ನೋ ಬ್ರಿಟಿಷ್ ಪಕ್ಷಿತಜ್ಞರು ಇದರ ವೈಜ್ಞಾನಿಕ ಹೆಸರಿನಲ್ಲಿ 'ಸಿಪಾಹಿ' ಅಂತ ಇಟ್ಟರು. ನಾವು ಸಿಪಾಯಿ ಅಂತೀವಲ್ಲ, ಅದೇ ಪದ. ಆಗಿನ ಸಿಪಾಯಿಗಳ ಕೋಟು ಕೆಂಪು.

ದೊಡ್ಡಪ್ಪ: ಚಳಿಗಾಲದಲ್ಲಿ ಇಳಿದು ಬಂದಿರಬಹುದಲ್ಲ?

ನಾನು: ಇಳಿಯುತ್ತೆ, ಆದರೆ ಅದೇ ಬೆಟ್ಟಗಳ ಕೆಳಗಿನ ಕಾಡಿಗೆ. ಇಷ್ಟು ದೂರ ಬರುವುದು ರೋಸ್‌ಫಿಂಚ್. ಅದಕ್ಕೆ ತಲೆ, ಎದೆ ಕೆಂಪು, ಹೊಟ್ಟೆ ಬಿಳಿಚು.

ಅಕ್ಕ: ಹೋಗಲಿ ಬಿಡೇ. ಎಲ್ಲಿ ತೆಗೆದರೇನು, ಫೋಟೊ ಚೆನ್ನಾಗಿದೆ.

ನಾನು: ಬಿಡೋಕಾಗಲ್ಲ ಅಕ್ಕ. ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಇದನ್ನು ನಂಬಿ ಭಾನುವಾರ ಹತ್ತು ಬೈಕು ಹೋದರೆ, ಇಲ್ಲದ ಹಕ್ಕಿಗೋಸ್ಕರ ಇರುವ ಹಕ್ಕಿಗಳ ಪೊದೆಯೆಲ್ಲ ತುಳೀತಾರೆ. ಅಲ್ಲಿ ಹಳದಿ ಗಂಟಲಿನ ಬುಲ್‌ಬುಲ್ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗಲ್ಲ. ಹೋದ ತಿಂಗಳು ನೋಡಿದೆ. ಕುರುಚಲು ಗಿಡದಿಂದ ಬಂಡೆ ಮೇಲೆ ಬಂದು ಕೂತಿತು. ತಲೆ ಹಳದಿ, ಎದೆ ಬೂದು. ಎರಡು ಸಲ ಕೂಗಿ ಸಂದಿಗೆ ನುಗ್ಗಿತು. ನಮ್ಮ ಬೆಟ್ಟದ ಹಕ್ಕಿ ಅದು! ಅದರ ಫೋಟೊ ಈ ಗುಂಪಿಗೆ ಯಾರೂ ಹಾಕಿಲ್ಲ.

ಅತ್ತೆ: ಹೌದಾ? ಅಷ್ಟು ಸಲ ಜೋಗಿಮಟ್ಟಿ ಹತ್ತಿದ್ದೀನಿ, ಅದರ ಹೆಸರೇ ಕೇಳಿರಲಿಲ್ಲ.

ದೊಡ್ಡಪ್ಪ: ಗೆಳೆಯರಿಗೆ ಫೋನ್ ಮಾಡಿದೆ. ಅವರಿಗೂ ಬೇರೆ ಯಾರೋ ಕಳಿಸಿದ್ದಂತೆ. ಇಲ್ಲಿಂದ ಅಳಿಸ್ತೀನಿ, ಅವರಿಗೂ ಹೇಳಿದ್ದೀನಿ. ಬುಲ್‌ಬುಲ್ ಫೋಟೊ ಇದ್ದರೆ ಹಾಕಮ್ಮ.

ನಾನು: ಇದೆ ದೊಡ್ಡಪ್ಪ. ಕೊಂಬೆ ಅಡ್ಡ ಬಂದಿದೆ, ಆದರೂ ಗಂಟಲಿನ ಹಳದಿ ಕಾಣುತ್ತೆ. [ಫೋಟೊ]