ಎಂಜಿಬಿ ತಳದ ಕರಿ ಕೋಟಿಂಗ್ ಕಂಪನಿಯದ್ದಾ, ಆಮೇಲೆ ಬಳಿದಿದ್ದಾ? ಕೆರೆಯಲಾ, ಬಿಡಲಾ?

ಆಲ್ದೂರು ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ 1967ರ ಎಂಜಿಬಿ, ಅಂದ್ರೆ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಈಗ ನನ್ನ ಕೈಗೆ ಬಂದಿದೆ. ಕೆಂಪು ಬಣ್ಣದ ರೋಡ್‌ಸ್ಟರ್, ಮೇಲೆ ಗಟ್ಟಿ ಟಾಪ್ ಇಲ್ಲದ್ದು. ಹನ್ನೊಂದು ವರ್ಷ ತೋಟದ ಗೋಡೌನ್‌ನಲ್ಲೇ ನಿಂತಿತ್ತು. ಇಂಜಿನ್ ಸ್ಟಾರ್ಟ್ ಆಗುತ್ತೆ, ಅದರ ಚಿಂತೆ ಇಲ್ಲ. ಚಿಂತೆ ಇರೋದೆಲ್ಲ ತಳದ್ದು.

ಸ್ಟ್ಯಾಂಡ್ ಮೇಲೆ ಎತ್ತಿ ನೋಡಿದೆ. ಪೂರ್ತಿ ದಪ್ಪ ಕರಿ ಕೋಟಿಂಗ್. ಬಲಗಡೆ ಗಟ್ಟಿಯಾಗಿ ಕೂತಿದೆ. ಎಡಗಡೆ ಸೀಟಿನ ಕೆಳಗೆ ಹಪ್ಪಳದ ಹಾಗೆ ಉಬ್ಬಿದೆ. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು.

ಪೋರ್ಶೆ 911 ಕಾರುಗಳ ತಳವನ್ನು ಡ್ರೈ ಐಸ್ ಹೊಡೆದು ತೊಳೆದು, ಕಂಪನಿ ಕೋಟಿಂಗನ್ನು ಹಾಗೇ ಉಳಿಸಿಕೊಳ್ಳುವ ವಿಡಿಯೋ ನೋಡಿದ್ದೇನೆ. ನನಗೂ ಅದೇ ಆಸೆ. ದೊಡ್ಡಪ್ಪ ಓಡಿಸಿದ ಕಾರು, ಇದ್ದ ಹಾಗೇ ಇರಲಿ ಅನ್ನಿಸುತ್ತೆ. ಇಲ್ಲಿನ ಒಂದು ಗ್ಯಾರೇಜ್‌ನವರು ‘ಮೇಲೆ ಇನ್ನೊಂದು ಕೋಟ್ ಹೊಡೆದುಬಿಡೋಣ, ಎರಡು ಗಂಟೆ ಕೆಲಸ’ ಅಂದರು. ಮಳೆಗೆ ಇನ್ನು ಏಳೆಂಟು ವಾರ ಇದೆ. ಏನು ಮಾಡಲಿ?

ಹಾಸನ ಟಿಂಕರ್:
ಗೌಡ್ರೇ, ಮೇಲೆ ಹೊಡೆಸಬೇಡಿ. ಇದನ್ನು ಮೊದಲು ಹೇಳಿಬಿಡ್ತೇನೆ. ಉಬ್ಬಿದ ಕಡೆ ಕೋಟಿಂಗಿಗೂ ತಗಡಿಗೂ ನಡುವೆ ತೇವ ಸೇರಿಕೊಂಡಿದೆ. ಅದರ ಮೇಲೆ ಬಳಿದರೆ ತೇವಕ್ಕೆ ಹೊರಗೆ ಬರಲು ದಾರಿಯೇ ಇರಲ್ಲ. ತುಕ್ಕು ಒಳಗೊಳಗೇ ತಿನ್ನುತ್ತೆ.

ಮೊದಲು ಅದು ಯಾವ ಜಾತಿಯ ಕೋಟಿಂಗ್ ಅಂತ ತಿಳಿಯಬೇಕು. ಒಂದು ಬಿಳಿ ಬಟ್ಟೆಗೆ ಟರ್ಪೆಂಟೈನ್ ಹಾಕಿ ಐದು ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆ ಕಂದು-ಕಪ್ಪು ಆಯಿತು ಅಂದ್ರೆ ಡಾಂಬರು. ಬಟ್ಟೆಗೆ ಬರೀ ಕೊಳೆ ಹತ್ತಿ, ಕೋಟಿಂಗ್ ರಬ್ಬರಿನ ಹಾಗೆ ಅಲ್ಲಾಡದೆ ಕೂತಿದ್ದರೆ ಪಿವಿಸಿ, ಅಂದ್ರೆ ಒಂದು ಜಾತಿಯ ಪ್ಲಾಸ್ಟಿಕ್, ಇರಬಹುದು. ಪಿವಿಸಿಯನ್ನು ಫ್ಯಾಕ್ಟರಿಯಲ್ಲಿ ಪ್ರೈಮರ್ ಮೇಲೆ ಹೊಡೆದು ಓವನ್‌ನಲ್ಲಿ ಬೇಯಿಸುತ್ತಾರೆ. ಅದಕ್ಕೇ ಅಷ್ಟು ಗಟ್ಟಿ.

ಆಮೇಲೆ ಬ್ರೇಕ್ ಪೈಪಿನ ಒಂದು ಕ್ಲಿಪ್ ಬಿಚ್ಚಿ, ಅದರ ಹಿಂದೆ ಏನಿದೆ ನೋಡಿ. ಪೈಪು, ಕ್ಲಿಪ್, ಬೋಲ್ಟು ಎಲ್ಲ ಕೂರಿಸೋದು ಕಾರಿನ ಬಾಡಿಯ ಬಣ್ಣ ಆದಮೇಲೆ. ಹಾಗಾಗಿ ಬೋಲ್ಟಿನ ತಲೆ ಮೇಲೂ ಕರಿ ಮೆತ್ತಿದ್ದರೆ ಅದು ಆಮೇಲೆ ಬಳಿದಿದ್ದು. ಫೋಟೋ ಹಾಕಿ.

ಆಲ್ದೂರು ತೋಟ:
ಮೇಸ್ತ್ರಿಗಳೇ, ಮಾಡಿದೆ. ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಕ್ಲಿಪ್ ಬಿಚ್ಚಲು ಸ್ಕ್ರೂ ಎಲ್ಲಿದೆ ಅಂತಲೇ ಕಾಣಲಿಲ್ಲ, ಮೇಲೆ ಅಷ್ಟು ಮೆತ್ತಿದ್ದರು. ಚಾಕುವಿನ ತುದಿಯಲ್ಲಿ ಬಿಡಿಸಿ ತೆಗೆದೆ. ಹಿಂದೆ ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೆಂಪು ಬಣ್ಣ, ಹೊಳಪು ಸಮೇತ ಹಾಗೇ ಇದೆ! ಫೋಟೋ ಹಾಕಿದ್ದೇನೆ.

ಹಾಸನ ಟಿಂಕರ್:
ಉತ್ತರ ಸಿಕ್ಕಿತಲ್ಲ. ಆ ದಪ್ಪ ಡಾಂಬರು ಕಂಪನಿಯದ್ದಲ್ಲ. ಆ ಕಾಲದಲ್ಲಿ ಕಾರು ಮಾರುವವರೋ ಗ್ಯಾರೇಜ್‌ನವರೋ ಬೇರೆ ದುಡ್ಡು ತಗೊಂಡು ಹೀಗೆ ಬಳಿದು ಕೊಡುವುದು ಬ್ರಿಟನ್‌ನಲ್ಲೂ ಮಾಮೂಲಾಗಿತ್ತು. ನೀವು ಉಳಿಸಬೇಕು ಅಂತಿರೋ ಅಸಲಿ ವಸ್ತು ಆ ಕೆಂಪು ಬಣ್ಣ.

911ರ ಜೊತೆ ಹೋಲಿಸಬೇಡಿ. 1976ರ ಮಾಡೆಲ್‌ನಿಂದ ಅದರ ಬಾಡಿಯೇ ಸತುವಿನ ಲೇಪ ಇರುವ ತಗಡಿನದ್ದು. ಮೇಲಿನ ಪಿವಿಸಿಗೆ ಪೆಟ್ಟು ಬಿದ್ದರೂ ಕೆಳಗೆ ಸತು ಕಾಯುತ್ತೆ. ನಿಮ್ಮದು ಬರೀ ಉಕ್ಕು. ಡಾಂಬರಿನಲ್ಲಿರೋ ಎಣ್ಣೆ ಅಂಶ ವರ್ಷ ಕಳೆದಂತೆ ಒಣಗಿ, ಪದರ ಬಿರಿಯುತ್ತೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ಒಳಗೆ ಎಳೆದುಕೊಳ್ಳುತ್ತೆ, ಹೊರಗೆ ಬಿಡಲ್ಲ.

ಒಂದು ಪ್ರಶ್ನೆ. ಎಡಗಡೆ ಮಾತ್ರ ಯಾಕೆ ಹೋಗಿದೆ? ಗೋಡೌನ್‌ನಲ್ಲಿ ಎಡಗಡೆ ಏನಿತ್ತು?

ಆಲ್ದೂರು ತೋಟ:
ಗೊಬ್ಬರದ ಮೂಟೆ. ಯೂರಿಯಾ, ಪೊಟ್ಯಾಷ್. ಒಂದು ಮೂಲೆಯಲ್ಲಿ ಗಿಡಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ (ಕಾಪರ್ ಸಲ್ಫೇಟ್).

ಹಾಸನ ಟಿಂಕರ್:
ನನಗೆ ಅನುಮಾನ ಇತ್ತು. ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಮಲೆನಾಡಿನ ಮಳೆಗಾಲದಲ್ಲಿ ಮೂಟೆ ಬೆವರುತ್ತೆ, ಅದರ ಪುಡಿ ಎಲ್ಲೆಡೆ ಕೂರುತ್ತೆ. ಕಡಲ ತೀರದಲ್ಲಿ ಕಾರು ನಿಲ್ಲಿಸಿದ ಹಾಗೇ ಆಯಿತು. ಮೈಲುತುತ್ತ ಇನ್ನೂ ಕೆಟ್ಟದ್ದು. ಅದರ ನೀರು ಬರೀ ಕಬ್ಬಿಣಕ್ಕೆ ತಾಗಿದರೆ ತಾಮ್ರ ಅಲ್ಲಿ ಕೂತು ಕಬ್ಬಿಣ ಕರಗುತ್ತೆ. ಇವತ್ತೇ ಕಾರನ್ನು ಅಲ್ಲಿಂದ ಆಚೆ ತನ್ನಿ. ಉಳಿದದ್ದು ಆಮೇಲೆ.

ಮೂಡಿಗೆರೆ ಹೆರಾಲ್ಡ್:
ಅಣ್ಣ, ನಮ್ಮ ಅನುಭವ ಹೇಳಿಬಿಡ್ತೇನೆ. ನಮ್ಮನೆಯ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಹೀಗೇ ಹಳೇ ಪದರದ ಮೇಲೆ ಹೊಸ ಕರಿ ಕೋಟಿಂಗ್ ಹೊಡೆಸಿದ್ದೆವು. ನೋಡಲು ಹೊಸ ಕಾರಿನ ಹಾಗೇ ಇತ್ತು. ಎರಡು ಮಳೆಗಾಲ ಕಳೆದು ಕಾರ್ಪೆಟ್ ಎತ್ತಿದೆ. ತಗಡು ಇರಲೇ ಇಲ್ಲ, ಬರೀ ಕೋಟಿಂಗ್ ಚರ್ಮದ ಹಾಗೆ ನಿಂತಿತ್ತು. ನನ್ನ ಹೆಬ್ಬೆರಳು ತೂರಿ ಆಚೆ ಹೋಯಿತು. ಹೆರಾಲ್ಡ್‌ಗೆ ಬಾಡಿಯನ್ನು ಹೊರೋ ಬೇರೆ ಚಾಸಿ (ಉಕ್ಕಿನ ಚೌಕಟ್ಟು) ಇದೆ, ಹಾಗಾಗಿ ಬಚಾವಾದೆವು. ನಿಮ್ಮದಕ್ಕೆ ಇಲ್ಲ ಅಲ್ವಾ?

ಹಾಸನ ಟಿಂಕರ್:
ಸರಿಯಾಗಿ ಹೇಳಿದಿರಿ ತಾಯಿ. ಎಂಜಿಬಿಗೆ ಬಾಗಿಲ ಕೆಳಗಿನ ಸಿಲ್ಲೇ ಬೆನ್ನೆಲುಬು. ಅದರಲ್ಲೂ ಟಾಪ್ ಇಲ್ಲದ ಗಾಡಿಗೆ.

ಗೌಡ್ರೇ, ಈಗ ಕೆಲಸ. ಗಟ್ಟಿಯಾಗಿ ಕೂತಿರೋ ಬಲಗಡೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಗೇಣಿಗೊಂದು ಕಡೆ ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಅಷ್ಟನ್ನು ಮಾತ್ರ ತೆಗೆಯಿರಿ, ಅದರ ಸುತ್ತ ಗಟ್ಟಿ ಪದರ ಸಿಗುವವರೆಗೆ.

ಹೀಟ್ ಗನ್ ಇಟ್ಟು ಮೆತ್ತಗೆ ಮಾಡಿ, ಅಗಲ ಪಟ್ಟಿಯಿಂದ ಕೆರೆಯಿರಿ. ಹೊಗೆ ಬರುವಷ್ಟು ಕಾಯಿಸಬಾರದು. ಗ್ಯಾಸ್ ಟಾರ್ಚ್ ಬೇಡವೇ ಬೇಡ. ಒಳಗಿನ ಕಾರ್ಪೆಟ್ ತೆಗೆದಿಡಿ. ಹಿಂದೆ ಡಿಕ್ಕಿ ಕೆಳಗೆ ಪೆಟ್ರೋಲ್ ಟ್ಯಾಂಕ್ ಇದೆ, ಆ ಕಡೆ ಬಿಸಿ ಹಿಡಿಯಬೇಡಿ. ಇನ್ನೊಂದು ಮುಖ್ಯ ವಿಷಯ: ಆ ಕಾಲದ ಕೆಲವು ಕೋಟಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ನಾರು ಬೆರೆಸುತ್ತಿದ್ದರು. ಹಾಗಾಗಿ ಗ್ರೈಂಡರ್ ಹಾಕಿ ಒಣ ಧೂಳು ಎಬ್ಬಿಸಬೇಡಿ. ಒಳ್ಳೆ ಮಾಸ್ಕ್ ಹಾಕಿ, ಚಕ್ಕೆಯನ್ನು ಒದ್ದೆ ಮಾಡಿ ಚೀಲಕ್ಕೆ ತುಂಬಿ ಕಟ್ಟಿಡಿ.

ತಗಡು ಕಂಡಮೇಲೆ ಸಿಹಿ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಮೇಲೆ ಏನು ಬಳಿದರೂ ದಂಡ. ಎರಡು ದಿನ ಬಿಸಿಲು ಗಾಳಿಗೆ ಬಿಡಿ. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಎರಡು ಕೈ ಹೊಡೆಯಿರಿ. ತಗಡಿನ ಜೋಡಣೆಗಳಿಗೆ ಸೀಮ್ ಸೀಲರ್ (ಸಂದಿ ಮುಚ್ಚೋ ಪೇಸ್ಟ್). ಅದರ ಮೇಲೆ ಕೆಂಪು ಬಣ್ಣ. ಡಾಂಬರು ಬೇಡ. ಮೇಣದ ತೆಳು ಪದರ ಸಾಕು. ಒಳಗೆ ತುಕ್ಕು ಬಂದರೆ ಕಣ್ಣಿಗೆ ಕಾಣುತ್ತೆ, ಅದೇ ದೊಡ್ಡ ಲಾಭ.

ಸಿಲ್‌ನಲ್ಲಿ ತೂತು ಕಂಡರೆ ಅಲ್ಲಿಗೆ ನಿಲ್ಲಿಸಿ. ಬಾಗಿಲ ಜಾಗಕ್ಕೆ ಅಡ್ಡ ಸರಳು ಕೊಡದೆ ಸಿಲ್ ಕತ್ತರಿಸಿದರೆ ಬಾಡಿ ಬಾಗುತ್ತೆ, ಆಮೇಲೆ ಬಾಗಿಲು ಕೂರಲ್ಲ.

ಆಲ್ದೂರು ತೋಟ:
ಮೂರು ವಾರ ಆಯಿತು, ವರದಿ ಒಪ್ಪಿಸ್ತಿದ್ದೇನೆ. ಎಡಗಡೆ ಸೀಟಿನ ಕೆಳಗೆ ಅಂಗೈ ಅಗಲದ ಒಂದು ತೂತು, ಹೊಸ ತಗಡು ಬೆಸುಗೆ ಹಾಕಿಸಿದೆ. ಉಳಿದ ಕಡೆ ಮೇಲ್ಮೈ ತುಕ್ಕು ಅಷ್ಟೇ. ಸಿಲ್ ಗಟ್ಟಿ ಇದೆ! ಮುಂದಿನ ಚಕ್ರದ ಹಿಂದೆ, ಮಡ್‌ಗಾರ್ಡ್ ಒಳಗಿನ ಅಡ್ಡ ತಗಡಿನ ಸಂದಿಯಲ್ಲಿ ಬೊಗಸೆ ತುಂಬ ಕೆಂಪು ಮಣ್ಣು ಸಿಕ್ಕಿತು. ಅದರಲ್ಲಿ ಎಳೆ ಬೇರು ಬೇರೆ ಇಳಿದಿತ್ತು. ಮಣ್ಣು ಇನ್ನೂ ಒದ್ದೆ.

ಸಿಲ್ ಒಳಗೂ ಮೇಣ ಹೊಡೆಯಲಾ?

ಹಾಸನ ಟಿಂಕರ್:
ಹೊಡೆಯಿರಿ, ಉದ್ದ ಪೈಪಿನ ನಾಜಲ್ ಹಾಕಿ. ಅದಕ್ಕೆ ಮುಂಚೆ ಸಿಲ್ ಕೆಳಗಿನ ನೀರು ಹೋಗುವ ಕಿಂಡಿಗಳಲ್ಲಿ ತಂತಿ ಆಡಿಸಿ, ಡಾಂಬರು ಮುಚ್ಚಿರುತ್ತೆ. ಮೇಣ ಹೊಡೆದ ಮಾರನೇ ದಿನ ಇನ್ನೊಮ್ಮೆ ತಂತಿ ಆಡಿಸಿ. ಆ ಮಡ್‌ಗಾರ್ಡ್ ಸಂದಿಯ ರಬ್ಬರ್ ಬದಲಾಯಿಸಿ, ಪ್ರತಿ ಮಳೆಗಾಲ ಮುಗಿದಮೇಲೆ ಕೈ ಹಾಕಿ ನೋಡಿ.

ಆಲ್ದೂರು ತೋಟ:
ಆಯಿತು ಮೇಸ್ತ್ರಿಗಳೇ. ಗೊಬ್ಬರವನ್ನು ಕಣದ ಪಕ್ಕದ ಕೋಣೆಗೆ ಸಾಗಿಸಿದೆ. ಕ್ಲಿಪ್ ಹಿಂದಿನ ಆ ಕೆಂಪು ಚುಕ್ಕೆಗೆ ಬಣ್ಣ ಹೊಡೆದಿಲ್ಲ, ಅದನ್ನೇ ಮಾದರಿ ಇಟ್ಟುಕೊಂಡು ಬಣ್ಣ ಬೆರೆಸಿದೆವು. ಆರಿದ್ರಾ ಮಳೆಗೆ ಮುಂಚೆ ಎಲ್ಲ ಒಣಗುತ್ತೆ.